ಪುಕ್ಕಟೆ ಕೊಟ್ಟವರು

"ಪುಕ್ಕಟೆ ಅಂದ್ರ ಖರೇನ ಪುಕ್ಕಟೇನೋ, ಇಲ್ಲಾ ಆಮ್ಯಾಲ ಬಿಲ್ಲ ಬರತೈತೋ?"

ಬನಹಟ್ಟಿಯ ವಿಠೋಬಾ ಕಾಕಾ ನನ್ನನ್ನು ಕೇಳಿದ ಮೊದಲ ಮಾತು ಇದು. ಕುಳಿತುಕೊಳ್ಳಿ ಎಂದದ್ದು ಆಮೇಲೆ, ಚಹಾ ಬಂದದ್ದು ಅದಕ್ಕೂ ಆಮೇಲೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಆದರೆ ಅಷ್ಟೊತ್ತಿಗಾಗಲೇ ಆ ಪ್ರಶ್ನೆ ನನಗೆ ರೂಢಿಯಾಗಿಬಿಟ್ಟಿತ್ತು.

ಅದು ೨೦೦೯ರ ಮಳೆಗಾಲ. ಜಮಖಂಡಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಜೊತೆಗೆ ಲಿನಕ್ಸ್‌ನ ಹುಚ್ಚು ಹಿಡಿಸಿಕೊಂಡಿದ್ದೆ. ಲಿನಕ್ಸ್ ಎಂದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಜಗತ್ತಿನ ಎಲ್ಲೆಲ್ಲಿಯದೋ ಜನ ಸೇರಿ ಕಟ್ಟಿದ್ದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಇನ್ನೊಬ್ಬರಿಗೆ ಹಂಚಬಹುದು. ಕೇಳಿಕೊಂಡರೆ ಅದರ ಸಿಡಿಯನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತಿದ್ದರು. ಆ ಸಿಡಿಗಳನ್ನು ಚೀಲಕ್ಕೆ ತುಂಬಿಕೊಂಡು ರವಿವಾರ ಬಂತೆಂದರೆ ನಾನು ಊರೂರು ತಿರುಗುತ್ತಿದ್ದೆ. ಮುಧೋಳದ ವಕೀಲರೊಬ್ಬರು, "ನೀವು ಯಾವ ಪಕ್ಷದವರು?" ಎಂದು ಕೇಳಿಯೇ ಹಾಕಿಸಿಕೊಂಡರು. ಬೀಳಗಿಯ ಒಬ್ಬ ಹೆಡ್‌ಮಾಸ್ತರು ಇದು ಚೈನ್ ಸ್ಕೀಮೇ ಇರಬೇಕೆಂದು ತೀರ್ಮಾನಿಸಿ, "ನಾ ಯಾರನ್ನೂ ಸೇರಸಾಂವಲ್ಲ, ಮೊದಲ ಹೇಳೇನಿ," ಎಂದರು. ದುಡ್ಡು ಕೇಳಿದ್ದರೆ ಇವರೆಲ್ಲ ನನ್ನನ್ನು ನಂಬುತ್ತಿದ್ದರೋ ಏನೋ.

ವಿಠೋಬಾ ಕಾಕಾನ ಮನೆಗೆ ನನ್ನನ್ನು ಕರೆಸಿಕೊಂಡವಳು ಅವರ ಸೊಸೆ ಉಜ್ವಲಾ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮುಗಳಿದ್ದವು. ಅವುಗಳ ಮೇಲೆ ಓಡುವ ಸೀರೆಯ ದಡಿಗಳನ್ನೆಲ್ಲ, ಅಂದರೆ ಅಂಚಿನ ಚಿತ್ತಾರಗಳನ್ನೆಲ್ಲ, ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದವಳು ಇವಳೇ. ಅವಳು ಬರುವ ಮುಂಚೆ ಇಚಲಕರಂಜಿಯಿಂದ ಡಿಸೈನು ತರಿಸುತ್ತಿದ್ದರು. ಈಗ ರಬಕವಿ, ಬನಹಟ್ಟಿಯ ವ್ಯಾಪಾರಿಗಳು, "ವಿಠೋಬಾನ ಮನೀ ದಡಿ" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಹೆಸರು ಮಾವನದು, ಗೆರೆ ಸೊಸೆಯದು. ಅದರ ಬಗ್ಗೆ ಉಜ್ವಲಾಳಿಗೆ ತಕರಾರಿರಲಿಲ್ಲ. ಬಿಡಿಸಲು ಬಿಟ್ಟರೆ ಸಾಕು ಎನ್ನುತ್ತಿದ್ದಳು.

ತೊಂದರೆ ಇದ್ದದ್ದು ವೈರಸ್ಸಿನದು. ಅವಳು ಬಿಡಿಸಿದ ಚಿತ್ರ ಪೆನ್‌ಡ್ರೈವಿನಲ್ಲಿ ಧರೆಪ್ಪನ ಅಂಗಡಿಗೆ ಹೋಗಬೇಕು. ಅಲ್ಲಿ ಅದರ ಪ್ರಕಾರ ಮಗ್ಗಕ್ಕೆ ಏರಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಊರಿನ ಎಲ್ಲರ ಪೆನ್‌ಡ್ರೈವೂ ಧರೆಪ್ಪನ ಆ ಒಂದೇ ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದುದರಿಂದ ಊರಿನ ಎಲ್ಲ ಜಡ್ಡೂ ಅಲ್ಲಿ ಸಿಗುತ್ತಿತ್ತು. ಎರಡು ಸಲ ಉಜ್ವಲಾಳ ಚಿತ್ರಗಳೆಲ್ಲ ಅಳಿಸಿಹೋಗಿದ್ದವು. ರಿಪೇರಿಯವರು ಬಂದು ಮತ್ತೊಂದು ಕಳ್ಳ ವಿಂಡೋಸ್ ಹಾಕಿ ಹೋಗಿದ್ದರು.

"ಇನ್ನೊಮ್ಮೆ ಹಂಗಾತಂದ್ರ ಈ ಡಬ್ಬಿ ಮಾರೇಬಿಡ್ತೇನಂತ ಮಾವಾರು ಅಂದಾರ್ರಿ ಅಕ್ಕೋರ," ಎಂದು ಅವಳು ಫೋನಿನಲ್ಲಿ ಪಿಸುಗುಟ್ಟಿದ್ದಳು. "ಆಮ್ಯಾಲ ನಾನೂ ಎಲ್ಲಾರಂಗ ನೂಲಿನ ಕಂಡಕಿ ಸುತ್ತಕೊಂತ ಕುಂದ್ರೂದ."

ಹಾಗಾಗಿ ನಾನು ಜಮಖಂಡಿ ಕಡೆಯಿಂದ ಬರುವ ಆಟೋದಲ್ಲಿ ಮುದುಡಿ ಕುಳಿತು ಬನಹಟ್ಟಿಗೆ ಬಂದಿಳಿದಿದ್ದೆ.

"ಬಿಲ್ಲು ಬರೂದಿಲ್ರಿ ಕಾಕಾ," ಎಂದೆ. "ಖರೇನ ಪುಕ್ಕಟೆ."

"ಹಂಗ ಯಾರ ಕೊಡ್ತಾರವ್ವಾ? ಹೊರದೇಶದಾಂವ, ಹೆಸರಿಲ್ಲ, ಊರಿಲ್ಲ. ತನ್ನ ಅಂಚಿ ಖರ್ಚಿನಾಗ ಬನಹಟ್ಟಿಗಿ ಯಾಕ ಕಳಸ್ತಾನ?"

ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. "ಕೃಷ್ಣಾ ಹೊಳಿ ಚಿಕ್ಕಪಡಸಲಗಿ ಬ್ಯಾರೇಜ ಯಾರ ಕಟ್ಟಿದ್ರು ಕಾಕಾ? ರೈತರ ಮೈಮುರದು ದುಡದು ಕಟ್ಟಿದ್ದಲ್ಲೇನು? ಅವರಿಗೆ ಯಾರ ಪಗಾರ ಕೊಟ್ಟಿದ್ರು? ಇದೂ ಹಂಗ. ಎಲ್ಲಾರೂ ಕೂಡಿ ಕಟ್ಟಿದ್ದು."

ನನ್ನ ಈ ಮಾತನ್ನು ನಾನೇ ಮೆಚ್ಚಿಕೊಂಡಿದ್ದೆ.

"ಅವರ ಹೊಲಕ್ಕ ನೀರ ಬಂತು," ಎಂದರು ಕಾಕಾ. "ನಿಮಗೇನ ಬರತೈತಿ?"

ಚಹಾ ತಂದ ಶೇವಂತಿ ಕಾಕು ನನ್ನ ಮುಖ ನೋಡಿ ನಕ್ಕರು. "ಅವರ ಮಾತ ಹಂಗ ಐತಿ, ನೀವು ಕುಡೀರಿ," ಎಂದರು. ಕಾಕಾನ ಹೆಂಡತಿ ಅವರು. ಬಂದವರನ್ನು ಬರಿಗೈಯಲ್ಲಿ ಕಳಿಸದ ಹೆಂಗಸು.

ಉಜ್ವಲಾ ಬೇಗ ಕಲಿತಳು. ಮೊದಲ ದಿನ ಮಾತ್ರ, "ಸಿ ಡ್ರೈವ್ ಎಲ್ಲಿ ಹೋತ್ರಿ?" ಎಂದು ಗಾಬರಿಯಾಗಿದ್ದಳು. ಸಿ ಡ್ರೈವ್ ಎಂಬುದು ಇಲ್ಲಿ ಇಲ್ಲ, ನಿನ್ನ ಹೆಸರಿನ ಒಂದು ಫೋಲ್ಡರ್ ಇದೆ, ನಿನ್ನದೆಲ್ಲ ಅದರಲ್ಲೇ ಇರುತ್ತದೆ ಎಂದು ತೋರಿಸಿದೆ. ತನ್ನ ಹೆಸರನ್ನು ಪರದೆಯ ಮೇಲೆ ನೋಡಿ ಅವಳು ಎರಡೆರಡು ಸಲ ಓದಿಕೊಂಡಳು. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಚೌಕಳಿ ಹಾಕಿಕೊಳ್ಳುವುದು, ಪ್ರಿಂಟ್ ತೆಗೆಯುವುದು, ಪೆನ್‌ಡ್ರೈವನ್ನು ಕೀಳುವ ಮುಂಚೆ ಪರದೆಯ ಮೇಲೆ ಅದರ ಸಂಪರ್ಕ ಕಡಿಯುವುದು ಎಲ್ಲ ಮೂರು ರವಿವಾರಗಳಲ್ಲಿ ಅವಳ ಕೈಗೆ ಬಂತು. ಧರೆಪ್ಪನ ಅಂಗಡಿಯ ವೈರಸ್ಸುಗಳು ಪೆನ್‌ಡ್ರೈವಿನಲ್ಲಿ ಬಂದು, ಲಿನಕ್ಸ್‌ನಲ್ಲಿ ಓಡಲಾಗದೆ, ಅಲ್ಲೇ ಬಿದ್ದಿರುತ್ತಿದ್ದವು. ಅವಳು ಅವನ್ನು ಒಂದೊಂದಾಗಿ ಅಳಿಸುತ್ತ ನಗುತ್ತಿದ್ದಳು.

ವಿಠೋಬಾ ಕಾಕಾ ಮಾತ್ರ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ದಿನ ಇಂಟರ್‌ನೆಟ್ಟಿನ ಮೋಡೆಮ್ಮಿಗೆ ಬೆರಳು ತೋರಿಸಿ, "ಯಾರೂ ಮುಟ್ಟದಿದ್ರೂ ಇದರ ದೀಪ ಮಿಣಮಿಣ ಅಂತೈತಿ. ಎಲ್ಲಿಗಿ ಸುದ್ದಿ ಹೊಂಟೈತಿದು?" ಎಂದು ಕೇಳಿದರು.

"ಸುದ್ದಿ ಹೋಗೂದಿಲ್ರಿ, ಬರತೈತಿ. ಹೊಸಾ ರಿಪೇರಿ ಏನರ ಇದ್ರ ಅದ ತರಸ್ಕೋತೈತಿ."

"ಬರೂ ದಾರಿ ಇದ್ದಮ್ಯಾಲ ಹೋಗೂ ದಾರಿನೂ ಇದ್ದ ಇರತೈತಿ," ಎಂದು ಅವರು ವೈರು ಕಿತ್ತರು. ಕೆಟ್ಟ ಮಾತಲ್ಲ ಅದು. ತಾಂತ್ರಿಕವಾಗಿ ನೋಡಿದರೆ ಸರಿಯೇ. ಆದರೆ ಅವರು ನೋಡುತ್ತಿದ್ದದ್ದು ನನ್ನನ್ನು.

ಶ್ರಾವಣದಲ್ಲಿ ಉಜ್ವಲಾ ಗಿಳಿಯ ದಡಿ ಬಿಡಿಸಿದಳು. ಜೋಡಿ ಗಿಳಿ, ನಡುವೆ ಒಂದು ಬಳ್ಳಿ. ದಸರೆಗೆಂದು ಇಟ್ಟುಕೊಂಡ ದಡಿ ಅದು. ಈ ಊರಲ್ಲಿ ಹಬ್ಬದ ಡಿಸೈನನ್ನು ಪೇಟೆಗೆ ಬಿಡುವ ತನಕ ಮನೆಯವರು, ಕಾರ್ಡಿಗೆ ತೂತು ಹೊಡೆಯುವವರ ಹೊರತು ಯಾರಿಗೂ ತೋರಿಸುವುದಿಲ್ಲ. ಶೆಡ್ಡಿಗೆ ನೆಂಟರನ್ನೂ ಬಿಡುವುದಿಲ್ಲ. ನನಗೆ ತೋರಿಸಿದ್ದೇ ದೊಡ್ಡದು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಗಿತ್ತು.

ದಸರೆ ಇನ್ನೂ ದೂರವಿತ್ತು. ಒಂದು ಮಧ್ಯಾಹ್ನ ಉಜ್ವಲಾ ಫೋನು ಮಾಡಿದಳು. ಅವಳಿಗೆ ಮಾತು ಹೊರಡುತ್ತಿರಲಿಲ್ಲ. ರಬಕವಿಯ ಅಂಗಡಿಯೊಂದರಲ್ಲಿ ಗಿಳಿಯ ದಡಿಯ ಸೀರೆಗಳ ಸಾಲೇ ಬಂದು ಕುಳಿತಿದೆ, ಮಾವನವರು ಕಣ್ಣಾರೆ ನೋಡಿ ಬಂದಿದ್ದಾರೆ, ನೇಯ್ದದ್ದು ಬೇರೆಯವರು.

ನಾನು ಹೋದಾಗ ಕಂಪ್ಯೂಟರಿನ ವೈರುಗಳೆಲ್ಲ ಕಿತ್ತು ಬಿದ್ದಿದ್ದವು. ಅದನ್ನು ನೆಲದ ಮೇಲಿಟ್ಟು ಹಾಸಿಗೆಯ ಹೊದಿಕೆ ಹೊಚ್ಚಿದ್ದರು. ಉಜ್ವಲಾ ಕಂಡಕಿ ಸುತ್ತುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ.

"ಬರ್ರಿ ಬಾಯಾರ," ಎಂದರು ವಿಠೋಬಾ ಕಾಕಾ. ಅವ್ವಾ ಎನ್ನುತ್ತಿದ್ದವರಿಗೆ ಈಗ ನಾನು ಪರಕೀಯಳಂತೆ ಬಾಯಾರು ಆಗಿದ್ದೆ. "ನಿಮಗೇನ ಬರತೈತಿ ಅಂತ ಅವತ್ತ ಕೇಳಿದ್ನೆಲ್ಲಾ, ಇವತ್ತ ಗೊತ್ತಾತು. ಎಷ್ಟ ಕೊಟ್ರು ಅವರು?"

"ಕಾಕಾ, ಮಾತ ನೋಡಿ ಆಡ್ರಿ."

"ನೋಡೇ ಆಡಾಕತ್ತೇನಿ. ಆ ಪೆಟ್ಟಿಗಿ ಕೀಲಿ ಯಾರ ಹತ್ತರ ಐತಿ? ನಿಮ್ಮ ಹತ್ತರ. ಪಾಸ್‌ವರ್ಡ ಹಾಕಿದಾವರ ನೀವು. ಮನಿ ಮಂದಿ, ನಂಬಿಗಸ್ತ ಧರೆಪ್ಪನ ಬಿಟ್ರ ಗಿಳಿ ನೋಡಿದಾವರ ಯಾರು? ನೀವು."

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪಾಸ್‌ವರ್ಡ್ ಹಾಕಿಕೊಟ್ಟವಳು ನಾನೇ, ಅದನ್ನು ಬದಲಿಸಲು ಉಜ್ವಲಾಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಬರುವ ಶನಿವಾರ ಸಂತೆಯ ದಿನ ಡಬ್ಬಿಯನ್ನು ಕೊಳ್ಳುವವರು ಬರುತ್ತಾರೆ ಎಂದು ಅವರು ನನ್ನ ಬೆನ್ನಿಗೆ ಹೇಳಿದರು.

ಸುದ್ದಿ ನನಗಿಂತ ಮುಂಚೆ ಜಮಖಂಡಿ ತಲುಪಿತ್ತು. ಮುಧೋಳದ ವಕೀಲರು ಫೋನು ಮಾಡಿ, "ನಮ್ಮದರಾಗಿಂದೂ ಅದನ್ನ ತಗದ ಹೋಗ್ರಿ," ಎಂದರು. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅಥವಾ ನಿಂತಂತೆ ನನಗನ್ನಿಸುತ್ತಿತ್ತು. ಸಂಶಯ ಅಂಟುಜಾಡ್ಯ. ನನಗೂ ಹತ್ತಿಕೊಂಡಿತು. ನಾನಲ್ಲ ಎಂಬುದು ನನಗೆ ಗೊತ್ತು. ಹಾಗಾದರೆ ಯಾರು?

ಮೊದಲು ಧರೆಪ್ಪನ ಅಂಗಡಿಗೆ ಹೋಗಿ ಜಗಳ ತೆಗೆದೆ. ಚಿತ್ರ ಪೆನ್‌ಡ್ರೈವಿನಲ್ಲಿ ಹೋದದ್ದು ಅವನಲ್ಲಿಗೇ ತಾನೇ. ಅವನು ಕೆಲಸ ನಿಲ್ಲಿಸದೆ ಹೇಳಿದ: "ಊರ ತುಂಬ ಮಂದೀದು ಡಿಜೈನ ನನ್ನ ಹತ್ತರ ಬರತಾವ್ರಿ. ಒಂದ ಹೊರಗ ಹೋತಂದ್ರ ನಾಳೆ ನನ್ನ ಬಾಗಲಕ್ಕ ಯಾರ ಬರತಾರ? ನಿಮ್ಮಂಗ ನನಗ ಸರಕಾರಿ ಪಗಾರ ಇಲ್ಲ." ನಾನು ಅವನನ್ನು ನಂಬಲಿಲ್ಲ. ನನ್ನ ಮಾತನ್ನು ಕಾಕಾ ನಂಬದೆ ಇದ್ದದ್ದೂ ಹೀಗೆಯೇ ಇರಬೇಕು ಎಂದು ವಾಪಸು ಬರುವಾಗ ಅನ್ನಿಸಿತು.

ಆಮೇಲೆ ಉಜ್ವಲಾಳ ಮೇಲೂ ಸಂಶಯ ಬಂತು. ಹೆಸರಿಲ್ಲದೆ ದುಡಿದವಳು ಒಂದು ದಡಿಯನ್ನು ತನ್ನ ಹೆಸರಲ್ಲಿ ಹೊರಗೆ ಕೊಟ್ಟಿದ್ದರೆ? ಬಸ್ಸಿನಲ್ಲಿ ಕುಳಿತು ಇದನ್ನು ಯೋಚಿಸಿದೆ, ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೇರ ರಬಕವಿಯಲ್ಲಿ ಇಳಿದು ಆ ಅಂಗಡಿಗೆ ಹೋಗಿ ಗಿಳಿಯ ಸೀರೆಯೊಂದನ್ನು ಕೊಂಡೆ. ಶನಿವಾರ ಬೆಳಿಗ್ಗೆ ಕೊಳ್ಳುವವರಿಗಿಂತ ಮುಂಚೆ ಬನಹಟ್ಟಿಯ ಆ ಮನೆಯ ನಡುಮನೆಯಲ್ಲಿ ನಿಂತಿದ್ದೆ.

"ಕಳ್ಳಿ ಅಂದೀರಿ. ಆತು. ಕಳವಿನ ಮಾಲ ತಂದೇನಿ," ಎಂದು ಸೀರೆಯನ್ನು ವಿಠೋಬಾ ಕಾಕಾನ ಮುಂದೆ ಹಾಸಿದೆ. "ಈಗ ಆ ಪೆಟ್ಟಿಗಿ ಹಚ್ಚರಿ. ನನ್ನ ಕಡಿಂದ ಹೋದದ್ದು ಖರೆ ಇದ್ರ ಎರಡೂ ಒಂದ ನಮೂನಿ ಇರಬೇಕಲ್ಲಾ? ಎಲ್ಲಾರ ಮುಂದ ನೋಡೂಣು."

ಕಾಕಾ ಬೇಡ ಎನ್ನಲಿಲ್ಲ. ನನ್ನನ್ನು ಹಿಡಿದುಹಾಕಬಹುದು ಎಂದು ಅವರಿಗೂ ಅನ್ನಿಸಿರಬೇಕು. ಉಜ್ವಲಾ ಹೊದಿಕೆ ತೆಗೆದು ಕಂಪ್ಯೂಟರ್ ಜೋಡಿಸಿದಳು. ನಾನು ಕೈಕಟ್ಟಿ ದೂರ ನಿಂತೆ. ಗಿಳಿ ಪರದೆಯ ಮೇಲೆ ಬಂತು. ಅವಳು ಅದನ್ನು ದೊಡ್ಡದು ಮಾಡಿ, ಸೀರೆಯ ದಡಿಯನ್ನು ಪಕ್ಕಕ್ಕೆ ಹಿಡಿದು, ಎಳೆ ಎಳೆಯಾಗಿ ಹೋಲಿಸುತ್ತ ಬಂದಳು. ಕೊಕ್ಕು ಒಂದೇ, ಬಾಲ ಒಂದೇ, ಬಳ್ಳಿಯೂ ಒಂದೇ. ಅಷ್ಟರಲ್ಲಿ ಅವಳ ಬೆರಳು ನಿಂತಿತು.

"ಕಣ್ಣ ಕೊರಳಾಗ ಐತಿ," ಎಂದಳು.

ನಾನು ಬಾಗಿ ನೋಡಿದೆ. ಪರದೆಯ ಗಿಳಿಗೆ ಕಣ್ಣು ತಲೆಯಲ್ಲಿತ್ತು. ಸೀರೆಯ ಗಿಳಿಗೆ ಆ ಚುಕ್ಕೆ ಜಾರಿ ಕೊರಳಿಗೆ ಬಂದಿತ್ತು. ಒಂದಲ್ಲ, ದಡಿಯುದ್ದಕ್ಕೂ ಎಲ್ಲ ಗಿಳಿಗಳಿಗೂ ಹಾಗೆಯೇ.

"ಫೈಲ ಆಮ್ಯಾಲ ತಿದ್ದಿರಬೇಕು," ಎಂದರು ಕಾಕಾ.

"ಇಲ್ರಿ ಮಾವಾರ, ಫೈಲಿನಾಗ ಈ ತಪ್ಪು ಎಂದೂ ಇರಲಿಲ್ಲ. ಇದು ಮಗ್ಗದ ಮ್ಯಾಲ ಆಗಿದ್ದು. ನೆಪ್ಪ ಐತಿಲ್ರೀ, ಹೊಸಾ ಕಾರ್ಡ ಏರಿಸಿದ ದಿವಸ?"

ಧರೆಪ್ಪನಿಂದ ಬಂದ ಕಾರ್ಡುಗಳನ್ನು ಸಾಲಾಗಿಟ್ಟು ದಾರದಿಂದ ಹೊಲಿದು ಮಾಲೆ ಮಾಡಿ ಮಗ್ಗಕ್ಕೆ ಏರಿಸುತ್ತಾರೆ. ಒಂದು ಕಾರ್ಡು ಎಂದರೆ ದಡಿಯ ಒಂದು ಸಾಲು. ಮೊದಲ ಸಲ ಹೊಲಿಯುವಾಗ ಕಣ್ಣಿನ ಕಾರ್ಡು ಹಿಂದಾಗಿತ್ತು. ಮೊದಲ ತುಣುಕು ನೇಯ್ದು ಇಳಿಯುವಷ್ಟರಲ್ಲಿ ತಪ್ಪು ಕಂಡು ಮಗ್ಗ ನಿಲ್ಲಿಸಿ, ಕಾರ್ಡು ಬಿಚ್ಚಿ ಹೊಲಿದಿದ್ದರು. ನಿಲ್ಲಿಸಿದವರು ಸ್ವತಃ ವಿಠೋಬಾ ಕಾಕಾ. ಅವರ ಮುಖದಲ್ಲಿ ಆ ದಿನ ನೆನಪಾದದ್ದು ನನಗೆ ಕಂಡಿತು.

"ಅಂದ್ರ ಇವರು ಆ ತುಣುಕ ನೋಡಿ ಎಳಿ ಎಣಿಸಿ ನಕಲ ತಗದಾರ," ಎಂದರು ನಿಧಾನವಾಗಿ. "ತಪ್ಪನ್ನೂ ಬಿಡದ ತಗದಾರ ಮಕ್ಕಳು." ಒಂದು ಕ್ಷಣ ನೇಕಾರನ ಮೆಚ್ಚುಗೆ ಅವರ ದನಿಯಲ್ಲಿ ಇಣುಕಿತು, ಮರುಕ್ಷಣ ಹೋಯಿತು. "ಆ ತುಣುಕ ಎಲ್ಲೈತಿ?"

ಕಾಕಾ ಸೊಸೆಯತ್ತ ತಿರುಗಿದರು.

"ಉಜ್ವಲಾ, ನಿನ್ನ ಕೇಳಾಕತ್ತೇನಿ."

"ಗೊತ್ತಿಲ್ರಿ ಮಾವಾರ," ಎಂದಳು ಉಜ್ವಲಾ. ಅವಳಿಗೆ ಗೊತ್ತಿತ್ತು. ಕಣ್ಣು ಕೆಳಗೆ ಹಾಕಿ ಅವಳು ಅಷ್ಟು ಬೇಗ ಉತ್ತರ ಕೊಟ್ಟದ್ದು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಕೊಳ್ಳುವವರು ಇನ್ನೇನು ಬಾಗಿಲಿಗೆ ಬರುವವರಿದ್ದರು. ಒಂದು ಹೆಸರು ಹೇಳಿದರೆ ಅವಳ ಕಂಪ್ಯೂಟರ್ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಅವಳು ಹೇಳಲಿಲ್ಲ. ನನಗೆ ಅವಳನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು ಬಂತು.

"ನಾ ಕೊಟ್ಟೇನಿ," ಎಂದರು ಶೇವಂತಿ ಕಾಕು.

ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. "ಹೊಸಾ ದಡಿದು ಮೊದಲನೇ ತುಣುಕ ಮಾರಬಾರದು, ಮುತ್ತೈದಿ ಉಡಿಗಿ ಹಾಕಬೇಕು. ನಮ್ಮತ್ತಿ ಕಲಿಸಿದ್ದು. ಶ್ರಾವಣ ಶುಕ್ರವಾರ ರಬಕವಿಯಿಂದ ಹೊಳೆವ್ವ ಬಂದಿದ್ಳು. ಅಕಿ ನನ್ನ ಸಣ್ಣಂದಿನ ಗೆಣತಿ. ಉಡಿ ತುಂಬಿ ಜಂಪರ ಪೀಸ್ ಅಂತ ಹಾಕಿ ಕಳಿಸಿದ್ನಿ. ಅಕಿ ಮಗಂದು ಮಗ್ಗ ಅದಾವಂತ ನನ್ನ ತಲ್ಯಾಗ ಬರಲಿಲ್ಲ. ಕಣ್ಣ ಸೊಟ್ಟಾಗಿದ್ದ ತುಣುಕ, ಮಾರಾಕಂತೂ ಬರೂದಿಲ್ಲ, ಉಡಿಗರ ಆತು ಅಂದ್ನಿ."

ಹೊಳೆವ್ವನ ಮಗನೇ ಆ ಸೀರೆಗಳನ್ನು ನೇಯ್ದವನು ಎಂಬುದು ಅಂಗಡಿಯಲ್ಲಿ ವಿಚಾರಿಸಿದ್ದ ಕಾಕಾಗೆ ಮೊದಲೇ ಗೊತ್ತಿತ್ತು; ಮಡಿಲು ತುಂಬಿದ ಈ ಸಂಗತಿ ಮಾತ್ರ ಗೊತ್ತಿರಲಿಲ್ಲ. ಅವರು ಬಹಳ ಹೊತ್ತು ಸೀರೆಯನ್ನು ಮಡಿಚುತ್ತ ಬಿಚ್ಚುತ್ತ ಕುಳಿತರು. ನಾನು ಅವರ ಸಿಟ್ಟಿಗೆ ಕಾಯುತ್ತಿದ್ದೆ. ನನ್ನ ಮೇಲೆ ಬಂದ ಸಿಟ್ಟಿನ ಅರ್ಧವಾದರೂ ಬರಲಿ ಎಂದು, ನಿಜ ಹೇಳಬೇಕೆಂದರೆ, ಆಸೆಪಟ್ಟೆ.

"ಆತು ಬಿಡು," ಎಂದರು ಅವರು ಹೆಂಡತಿಗೆ. "ಉಡಿಗಿ ಹಾಕಿದ್ದಕ್ಕ ಏನ ಅನ್ನಾಕ ಬರತೈತಿ? ಕಳವೇನ ಅಲ್ಲ."

ನಾನು ಬಾಯಿ ತೆರೆಯುವ ಮುಂಚೆಯೇ ಶೇವಂತಿ ಕಾಕು ಹೊಸ್ತಿಲು ದಾಟಿ ಮುಂದೆ ಬಂದರು.

"ಅಕ್ಕೋರು ಪುಕ್ಕಟೆ ಕೊಟ್ಟಾರಂತ ಕಳ್ಳಿ ಅಂದ್ರಿ. ನಾನೂ ಪುಕ್ಕಟೇನ ಕೊಟ್ಟೇನಿ. ನನಗ್ಯಾಕ ಅನ್ನೂದಿಲ್ಲ? ಅನ್ರಿ, ನನಗೂ ಅನ್ರಿ."

ಅಷ್ಟರಲ್ಲಿ ಬಾಗಿಲಲ್ಲಿ ಕೊಳ್ಳುವವರು ಬಂದು ಕೂಗಿದರು. ಕಾಕಾ ಎದ್ದು ಹೋಗಿ ಅವರೊಡನೆ ಏನೋ ಮಾತಾಡಿ ಕಳಿಸಿದರು. ವಾಪಸು ಬಂದು, ನನ್ನ ಮುಖ ನೋಡದೆ, "ಅಲ್ಲೇ ಇರಲಿ ಅದು," ಎಂದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಅದನ್ನು ಕೇಳಿಯೇ ಹೋಗಬೇಕೆಂದು ನಾನು ನಿಂತೇ ಇದ್ದೆ.

"ಆದ್ರ ಒಂದ ಮಾತು," ಎಂದರು ಅವರು. "ಕೀಲಿ ನಿಮ್ಮ ಹತ್ತರ ಇರೂದ ಬ್ಯಾಡ."

ಇಷ್ಟಾದ ಮೇಲೂ! ಮೈ ಉರಿದುಹೋಯಿತು. ಚೀಲ ಎತ್ತಿಕೊಂಡು ಹೊರಡಬೇಕೆಂದೆ. ಆದರೆ ಉಜ್ವಲಾ ಆಗಲೇ ಕುರ್ಚಿಯಲ್ಲಿ ಕುಳಿತು ನನ್ನತ್ತ ನೋಡುತ್ತಿದ್ದಳು. ಬದಲಿಸುವುದು ಎಲ್ಲಿ ಎಂದು ತೋರಿಸಿದೆ. ಹಳೆಯದನ್ನು ಮೊದಲು ಹೊಡಿ, ಆಮೇಲೆ ಹೊಸದನ್ನು ಎರಡು ಸಲ ಹೊಡಿ ಎಂದೆ. ಅವಳು ಹಳೆಯದನ್ನು ಹೊಡೆದಳು. ಹೊಸದಕ್ಕೆ ಬಂದಾಗ ಕೈ ಹಿಂದೆ ತೆಗೆದುಕೊಂಡಳು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ," ಎಂದಳು. "ಸ್ವಲ್ಪ ಆ ಕಡೆ ಮುಖ ಮಾಡ್ರಿ."

ಯಾರ ಪರವಾಗಿ ಊರೂರು ತಿರುಗಿ ಜಗಳವಾಡಿದೆನೋ ಅವಳೇ. ನೋವಾಯಿತು. ತಿರುಗಿದೆ. ವಿಠೋಬಾ ಕಾಕಾ ಸಮಾಧಾನವಾದವರಂತೆ ತಲೆಯಾಡಿಸಿ, ಸೊಸೆಯ ಕುರ್ಚಿಯ ಹಿಂದೆ ಬಂದು ನಿಂತು, ಕೀಲಿಮಣೆಯ ಮೇಲೆ ಬಾಗಿದರು. ಉಜ್ವಲಾ ಹೊಡೆಯಲಿಲ್ಲ.

"ಮಾವಾರ," ಎಂದಳು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. "ನೀವೂ."

ಅವರು ತಟ್ಟನೆ ನೆಟ್ಟಗಾದರು. ಹೆಂಡತಿಯ ಕಡೆ ನೋಡಿದರು. ಕೊನೆಗೆ ಕಾಕಾ ಬಂದು ನನ್ನ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತರು. ನಮ್ಮಿಬ್ಬರ ಬೆನ್ನ ಹಿಂದೆ ಉಜ್ವಲಾ ತನ್ನ ಪಾಸ್‌ವರ್ಡ್ ಹೊಡೆಯುವ ಸದ್ದು ಕೇಳುತ್ತಿತ್ತು, ಅದು ಸಾಕಷ್ಟು ಉದ್ದವಿತ್ತು.